ಒಂದೇ ಓಣಿ

ಶಾರ್ಜಾದ ನಮ್ಮ ಆಫೀಸಿನಲ್ಲಿ ಆ ಬೇಸಿಗೆಯಿಡೀ ಒಂದೇ ಮಾತು:
ಮುಂದಿನ ನಲವತ್ತು ವಿಮಾನ ಯಾವುದು?
ಒಂದೇ ಓಣಿ, ಎರಡೂ ಬದಿಗೆ ಮೂರು ಮೂರು ಸೀಟು,
ಅಷ್ಟು ನಿಶ್ಚಯ. ಅದರಾಚೆ ಜಗಳ.
ಮೂರನೇ ಮಹಡಿಯಲ್ಲಿ ನಾದೇರ್ ಸಾಹೇಬರು ಗೋಡೆಯ ಮೇಲೆ
ಎರಡು ವಿಮಾನಗಳ ಅಡ್ಡಸೀಳು ತೋರಿಸಿದರು,
ಸೌತೆಕಾಯಿ ಹೆಚ್ಚಿಟ್ಟ ಹಾಗೆ.
ಬೋಯಿಂಗಿಗಿಂತ ಏರ್‌ಬಸ್ ಮುಕ್ಕಾಲು ಗೇಣು ಅಗಲ.
ಆರು ಸೀಟಿಗೆ ಹಂಚಿದರೆ ತಲಾ ಒಂದು ಹೆಬ್ಬೆರಳು.
ಹೆಬ್ಬೆರಳಿಗೆ ಎಷ್ಟು ದಿರ್ಹಮ್, ಎಂದರು ಲೆಕ್ಕದವರು.
ಯಾರೂ ನಗಲಿಲ್ಲ.

ನಾನು ಲೋಡ್ ಶೀಟ್ ಬರೆಯುವವಳು.
ನನ್ನ ಕಾಗದದಲ್ಲಿ ದೊಡ್ಡವರೆಲ್ಲ ತಲಾ ಎಂಬತ್ತನಾಲ್ಕು ಕಿಲೋ,
ಎರಡು ರಮ್ಜಾನ್ ಊರು ಕಾಣದೆ ಸೊರಗಿದವನೂ,
ಅವನನ್ನು ಕೆಲಸಕ್ಕಿಟ್ಟವನೂ.
ಜುಲೈ ಮಧ್ಯಾಹ್ನ ನಲವತ್ತಾರು ಡಿಗ್ರಿಗೆ
ಗಾಳಿ ನೀರುಮಜ್ಜಿಗೆಯಾಗುತ್ತದೆ, ರೆಕ್ಕೆಗೆ ಹಿಡಿತ ಸಿಗದು.
ಆಗ ಹನ್ನೊಂದು ಪೆಟ್ಟಿಗೆ ಇಳಿಸಿ ಎನ್ನುತ್ತೇನೆ.
ಯಾರ ಪೆಟ್ಟಿಗೆ ಎಂದು ನನ್ನ ಕಾಗದಕ್ಕೆ ಗೊತ್ತಿಲ್ಲ.
ಯಾವ ಎಂಜಿನ್ನು ಈ ಸೆಕೆಯಲ್ಲಿ ಹನ್ನೊಂದನ್ನು ಆರು ಮಾಡೀತೋ
ಅದಕ್ಕೆ ನನ್ನ ವೋಟು, ಕೇಳಿದರೆ.

ಕೇಳಲಿಲ್ಲ.

ಅಪ್ಪ ಮೂಡಬಿದಿರೆಯ ಬಸ್ ಕಂಪೆನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು.
ಹದಿನಾಲ್ಕು ಬಸ್ಸು, ಹದಿನಾಲ್ಕೂ ಒಂದೇ ಮಾಡೆಲ್.
ಚಂದದ್ದು ಬೇಡ ಮಾರಾಯಾ, ಒಂದೇ ಥರದ್ದು ಬೇಕು,
ಎನ್ನುತ್ತಿದ್ದರಂತೆ ಧನಿ.
ಒಂದು ಡಬ್ಬಿ ನಟ್ಟು, ಒಂದು ಕಟ್ಟು ಸ್ಪ್ಯಾನರ್,
ಜ್ವರ ಬಂದ ಡ್ರೈವರನ ಸೀಟಿಗೆ ಯಾರನ್ನಾದರೂ ಕೂರಿಸಬಹುದು.
ನಿಂತ ಬಸ್ಸು ಉಣ್ಣುತ್ತದೆ, ಓಡುವ ಬಸ್ಸು ಉಣಿಸುತ್ತದೆ.
ನಾದೇರರ ತೊಂಬತ್ತು ಸ್ಲೈಡಿನಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ,
ಬಣ್ಣ ಇತ್ತು.
ಫೋನಿನಲ್ಲಿ ಹೇಳಿದೆ: ಒಂದರ ಹೆಸರಲ್ಲೇ ಬಸ್ಸಿದೆ ಅಪ್ಪ.
ಮತ್ತೆ ಮೀಟಿಂಗು ಎಂತಕ್ಕೆ, ಎಂದರು.

ಕೆಳಗೆ ಟಾರಿನ ಮೇಲೆ ಉಳ್ಳಾಲದ ಹಸನಬ್ಬ
ವಿಮಾನಗಳನ್ನು ಮಂಡಿಯಿಂದ ಗುರುತು ಹಿಡಿಯುತ್ತಾನೆ.
ಗಿಡ್ಡ ಕಾಲಿನದು, ಎಂಜಿನ್ನಿನ ತಳ ಚಪ್ಪಟೆಯಾದದ್ದು,
ಅದರ ಹೊಟ್ಟೆಯೊಳಗೆ ತಲೆ ಎತ್ತಿದರೆ ತಗಡು ತಾಗುತ್ತದೆ.
ಹಗ್ಗ ಬಿಗಿದ ಪೆಟ್ಟಿಗೆ, ಮಡಿಸಿದ ತೊಟ್ಟಿಲು, ಮಿಕ್ಸಿ, ಕಂಬಳಿ,
ಒಂದೊಂದನ್ನೂ ಮಂಡಿಯೂರಿ ಜೋಡಿಸಬೇಕು,
ನಲವತ್ತು ನಿಮಿಷದಲ್ಲಿ.
ಇನ್ನೊಂದಕ್ಕೆ ಬೇಕಾದರೆ ಡಬ್ಬಗಳಿವೆ: ಹೊರಗೇ ತುಂಬಿಸಿ,
ಎತ್ತಿ, ಉರುಳೆಯ ಮೇಲೆ ತಳ್ಳಿದರಾಯಿತು.
ಅದು ಬರುತ್ತದಾ ಮೇಡಂ, ಎಂದು ದಿನಾ ಕೇಳುತ್ತಿದ್ದ,
ಹಬ್ಬದ ಚಂದ್ರ ಕಂಡಿತಾ ಎಂದು ಕೇಳುವ ಹಾಗೆ.

ಬಂತು.
ಇಂಧನಕ್ಕಲ್ಲ, ಹೆಬ್ಬೆರಳಿಗಲ್ಲ, ಅಪ್ಪನ ತರ್ಕಕ್ಕೂ ಅಲ್ಲ.
ಒಬ್ಬರು ಐದು ವರ್ಷ ಕಾಯಿರಿ ಎಂದರು.
ಇನ್ನೊಬ್ಬರ ಸಾಲಿನಲ್ಲಿ ಯಾರೋ ದಿವಾಳಿಯೆದ್ದು ಸರದಿ ಖಾಲಿಯಿತ್ತು,
ಬರುವ ಮಾರ್ಚಿಗೇ.
ತೊಂಬತ್ತು ಸ್ಲೈಡನ್ನು ಆಮೇಲೆ ಅದಕ್ಕೆ ಹೊಂದಿಸಿದರು.

ಡಬ್ಬಗಳ ಸಾಲಿಗೆ ಮಾತ್ರ ಅಡ್ಡಗೆರೆ.
ಖಾಲಿ ಡಬ್ಬವೇ ಎಂಬತ್ತು ಕಿಲೋ, ಏಳು ಡಬ್ಬವೆಂದರೆ
ಹೆಚ್ಚುಕಡಿಮೆ ಏಳು ಟಿಕೆಟ್ಟು ಕೊಳ್ಳದ ಪ್ರಯಾಣಿಕರು.
ತೂಕ ಎಷ್ಟು ಎಂದು ಆ ದಿನ ನನ್ನನ್ನೇ ಕೇಳಿದ್ದರು.
ಸರಿಯಾಗಿ ಹೇಳಿದೆ. ನನ್ನ ಕೆಲಸ ಅದು.

ಹೊಸದರ ಹೊಟ್ಟೆಯಲ್ಲೂ ಹಸನಬ್ಬ ಮಂಡಿಯಲ್ಲೇ ಇದ್ದಾನೆ.
ತಲೆ ಅಷ್ಟೊಂದು ತಾಗುವುದಿಲ್ಲ ಮೇಡಂ, ಅನ್ಯಾಯ ಹೇಳಬಾರದು.

ಮೊನ್ನೆ ಅವನೇ ಊರಿಗೆ ಹೋದ, ಇಪ್ಪತ್ತೇಳನೇ ಸಾಲು, ನಡುವಿನ ಸೀಟು.
ಶೀಟಿನಲ್ಲಿ ಅವನನ್ನೂ ಎಂಬತ್ತನಾಲ್ಕು ಎಂದು ಬರೆದೆ;
ಅರುವತ್ತು ಇರಬಹುದು.
ಇಳಿದ ಮೇಲೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಆಟೋದ ಹಾರ್ನ್:
ನೀವು ಹೇಳಿದ ಆ ಹೆಬ್ಬೆರಳು ಹುಡುಕಿದೆ ಮೇಡಂ.
ಇತ್ತು. ಪಕ್ಕದವರ ಮೊಣಕೈ
ಅದರ ಮೇಲೆ ಮಲಗಿತ್ತು, ಪಾಪ, ಎಬ್ಬಿಸಲಿಲ್ಲ.